ಕೈಯಲ್ಲಿ ಮಗು, ಲಿಲ್ಲಿ ಹೂವು: ಯಾರಿವರು?

ಪ್ರಶ್ನೆ: ಕೆಜಿಎಫ್ ಗಣಿಯಲ್ಲಿ ದುಡಿದ ತಾತನ ಟ್ರಂಕಿನಲ್ಲಿ ಹಳೇ ಪಟ ಸಿಕ್ಕಿತು. ಕಂದು ನಿಲುವಂಗಿ, ತೋಳಲ್ಲಿ ಮಗು, ಬಿಳಿ ಲಿಲ್ಲಿ. ಅಮ್ಮ ಸಂತ ಜೋಸೆಫರು ಅಂತಾರೆ. ಹೌದಾ ಸರ್? ಫೋಟೊ ಕಳಿಸಿದ್ದೇನೆ.
– ಓದುಗ, ರಾಬರ್ಟ್‌ಸನ್‌ಪೇಟೆ

ಉತ್ತರ: ಎಲ್ಲರೂ ಎಡವುವುದು ಇಲ್ಲೇ, ಮಗು (ಬಾಲಯೇಸು) ಮತ್ತು ಲಿಲ್ಲಿ ಯೇಸುವಿನ ಸಾಕುತಂದೆ ಜೋಸೆಫರು, ಸಂತ ಅಂತೋಣಿ ಇಬ್ಬರ ಪಟದಲ್ಲೂ ಇರುತ್ತವೆ. ಆದರೆ ಜೋಸೆಫರಿಗೆ ಸಾಮಾನ್ಯವಾಗಿ ಗಡ್ಡ ಬಿಡಿಸುತ್ತಾರೆ. ನಿಮ್ಮ ಪಟದವರಿಗೆ ಗಡ್ಡವಿಲ್ಲ, ನೆತ್ತಿ ಬೋಳಿಸಿ ಸುತ್ತಲೂ ಬಳೆಯ ಹಾಗೆ ಕೂದಲು ಬಿಟ್ಟಿದ್ದಾರೆ, ಮಗು ಕೂತಿರುವುದು ಪುಸ್ತಕದ ಮೇಲೆ. ಸೊಂಟದ ಹಗ್ಗ ನೋಡಿ, ಮೂರು ಗಂಟು. ಅವು ಮೂರು ವ್ರತಗಳ ಸಂಕೇತ: ಬಡತನ, ಬ್ರಹ್ಮಚರ್ಯ, ವಿಧೇಯತೆ. ಅದು ಫ್ರಾನ್ಸಿಸ್ಕನ್ ಸನ್ಯಾಸಿಗಳ, ಅಂದರೆ ಸಂತ ಫ್ರಾನ್ಸಿಸರ ಪಂಥದವರ ಗುರುತು. ಇವರು ಇಟಲಿಯ ಪಾದುವಾದ ಸಂತ ಅಂತೋಣಿ, ಹುಟ್ಟಿದ್ದು ಲಿಸ್ಬನ್‌ನಲ್ಲಿ, ತೀರಿಕೊಂಡಿದ್ದು 1231ರ ಜೂನ್ 13ರಂದು. ಕಳೆದ ವಸ್ತು ಸಿಗಲಿ ಎಂದು ಜನ ಬೇಡಿಕೊಳ್ಳುವುದು ಇವರನ್ನೇ. ಅವರೇ ಇಷ್ಟು ವರ್ಷ ಟ್ರಂಕಿನಲ್ಲಿ ಕಳೆದುಹೋಗಿದ್ದರು, ತಮಾಷೆ ಅಲ್ವಾ! ಪಟವನ್ನು ಸುಮ್ನೆ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಬಣ್ಣ ಹೋದೀತು.