ಗುಲಾಮನ ಹಸು ಯಾರದ್ದು?

ಪ್ರಶ್ನೆ: ಅಮೆರಿಕದ ಗುಲಾಮರು ಕೋಳಿ, ಹಂದಿ ಸಾಕಿ ಮಾರುತ್ತಿದ್ದರು, ಕೈಯಲ್ಲಿ ಕಾಸೂ ಆಡುತ್ತಿತ್ತು ಅಂತ ಓದಿದೆ. ಹಾಗಿದ್ದರೆ ಅವರು ಗುಲಾಮರು ಹೇಗೆ? ಬಂಡವಾಳಶಾಹಿಗೂ ಇದಕ್ಕೂ ಏನು ಸಂಬಂಧ?
– ಇತಿಹಾಸ ವಿದ್ಯಾರ್ಥಿನಿ, ಧಾರವಾಡ

ಉತ್ತರ: ನೀವು ಓದಿದ್ದು ನಿಜ. ಆದರೆ ಎಲ್ಲ ಕಡೆ ಒಂದೇ ಥರ ಇರಲಿಲ್ಲ. ಜಾರ್ಜಿಯಾ, ಸೌತ್ ಕೆರೊಲಿನಾ ಕರಾವಳಿಯ ಭತ್ತದ ಗದ್ದೆಗಳಲ್ಲಿ ದಿನಕ್ಕೆ ಇಷ್ಟು ಅಂತ ಕೆಲಸ ಗೊತ್ತುಮಾಡುತ್ತಿದ್ದರು, ಸಾಮಾನ್ಯವಾಗಿ ಕಾಲು ಎಕರೆ. ನಮ್ಮಲ್ಲಿ ಗುತ್ತಿಗೆ ಕೆಲಸ ಅಂತೀವಲ್ಲ, ಹಾಗೆ. ಕೂಲಿ ಮಾತ್ರ ಇಲ್ಲ! ಅದು ಮುಗಿದ ಮೇಲೆ ಉಳಿದ ಹೊತ್ತು ಅವರದ್ದು. ಆ ಹೊತ್ತಿನಲ್ಲೇ ತುಂಡು ನೆಲದಲ್ಲಿ ಬೆಳೆ, ಕೋಳಿ, ಹಂದಿ. ಕೆಲವರ ಹತ್ತಿರ ಹಸು, ಕುದುರೆಯೂ ಇದ್ದವು.

ಅಮೆರಿಕದ ಅಂತರ್ಯುದ್ಧದ ಹೊತ್ತು, 1864ರ ಕೊನೆಗೆ, ಉತ್ತರದ ರಾಜ್ಯಗಳ ಸೈನ್ಯ ಜಾರ್ಜಿಯಾದ ಲಿಬರ್ಟಿ ಕೌಂಟಿಗೆ ಬಂತು. ಬಿಡುಗಡೆ ತಂದ ಸೈನಿಕರೇ ಇವರ ಹಂದಿ, ಅಕ್ಕಿ, ಕುದುರೆ ಎಲ್ಲ ಹೊತ್ತೊಯ್ದರು. 1871ರಲ್ಲಿ ಸರ್ಕಾರ ಪರಿಹಾರಕ್ಕೆ ಆಯೋಗ ಮಾಡಿದಾಗ ಇವರೂ ಅರ್ಜಿ ಹಾಕಿದರು. ಆಯೋಗಕ್ಕೂ ನಿಮ್ಮಂಥದೇ ಅನುಮಾನ: ಗುಲಾಮನಿಗೆ ಆಸ್ತಿ ಎಲ್ಲಿಂದ ಬಂತು? ಕಾನೂನಿನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಆ ಹಸು ಅವನದ್ದೇ ಅಂತ ನೆರೆಯವರು, ಕೆಲವೊಮ್ಮೆ ಹಳೇ ಧಣಿಗಳೇ ಬಂದು ಸಾಕ್ಷಿ ಹೇಳಿದರು.

ಧಣಿಗಳು ಇದಕ್ಕೆಲ್ಲ ಬಿಟ್ಟಿದ್ದು ಸುಮ್ನೆ ಅಲ್ಲ. ಹೊಟ್ಟೆಗೆ ಹಾಕುವ ಖರ್ಚು ಉಳಿಯುತ್ತಿತ್ತು. ಜಮೈಕಾದಲ್ಲಂತೂ ಕಬ್ಬಿಗೆ ಬಾರದ ಗುಡ್ಡದ ನೆಲ ಬಿಟ್ಟುಕೊಟ್ಟು, ನಿಮ್ಮ ಊಟ ನೀವೇ ಬೆಳೆದುಕೊಳ್ಳಿ ಅಂದರು. ಅಲ್ಲಿ ಬೆಳೆದ ಗೆಣಸು ಭಾನುವಾರದ ಸಂತೆಗೆ ಬಂದು ಪಟ್ಟಣದ ಬಿಳಿಯರ ಅಡುಗೆಮನೆಗೂ ಹೋಗುತ್ತಿತ್ತು.

ಇನ್ನು ಬಂಡವಾಳಶಾಹಿ. ಗುಲಾಮಗಿರಿ ಬಂಡವಾಳಶಾಹಿಯ ಭಾಗವೇ ಅಲ್ಲವೇ ಅಂತ ಇತಿಹಾಸಕಾರರ ಜಗಳ ಇನ್ನೂ ಮುಗಿದಿಲ್ಲ. ನನ್ನ ಪ್ರಕಾರ, ಕೋಳಿ ಮಾರಿದ್ದರಲ್ಲಿ ಅದನ್ನು ಹುಡುಕಬೇಡಿ. ಧಣಿಗಳು ಗುಲಾಮರನ್ನೇ ಅಡವಿಟ್ಟು ಸಾಲ ಎತ್ತುತ್ತಿದ್ದರಲ್ಲ, ಅಲ್ಲಿ ಹುಡುಕಿ. 1860ರಲ್ಲಿ ಅಮೆರಿಕದ ರಫ್ತಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹತ್ತಿ, ಅದನ್ನು ಬಹುಪಾಲು ಬೆಳೆದವರು ಗುಲಾಮರೇ. ಸಂತೆಯಲ್ಲಿ ಕೋಳಿ ಮಾರುವವಳನ್ನೇ ನಾಳೆ ಮಾರಬಹುದಿತ್ತು.

ಒಲೌಡಾ ಇಕ್ವಿಯಾನೊ ಕಥೆ ನೋಡಿ. ಕೆರಿಬಿಯನ್ ಹಡಗಿನಲ್ಲಿ ದುಡಿಯುತ್ತಿದ್ದ ಗುಲಾಮ. ಕೈಯಲ್ಲಿ 3 ಪೆನ್ಸ್. ಒಂದು ದ್ವೀಪದಲ್ಲಿ ಗಾಜಿನ ಲೋಟ ಕೊಂಡು, ಇನ್ನೊಂದರಲ್ಲಿ 6 ಪೆನ್ಸಿಗೆ ಮಾರಿದ. ಹೀಗೇ ಕೂಡಿಸಿ ಕೂಡಿಸಿ 1766ರಲ್ಲಿ ಧಣಿಗೆ 40 ಪೌಂಡ್ ಕೊಟ್ಟು ತನ್ನನ್ನೇ ಕೊಂಡುಕೊಂಡ. ಧಣಿ ಅವನನ್ನು ಕೊಂಡಿದ್ದೂ 40 ಪೌಂಡಿಗೇ. ಸುಮಾರು ಮೂರು ವರ್ಷದ ದುಡಿಮೆ ಪುಕ್ಕಟೆ, ಅಸಲು ವಾಪಸ್.