ಸಾಯುವ ನಾಯಕ ಹೆಸರಿಸಿದವರೇ ಮುಂದಿನ ನಾಯಕರಾಗುತ್ತಾರೆಯೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡಿರುವುದು ಹೀಗೆ. ನೀವು ಬರೆಯುತ್ತಿರುವ ವೈಜ್ಞಾನಿಕ ಕಾದಂಬರಿಯಲ್ಲಿ ಮಂಗಳ ಗ್ರಹಕ್ಕೆ ಹೋದ ಏಳು ಜನರ ತಂಡದ ನಾಯಕ ಅಪಘಾತದಲ್ಲಿ ಗಾಯಗೊಂಡು ಸಾಯುತ್ತಾನೆ. ಸಾಯುವ ಮುನ್ನ, ಕ್ರಮದಲ್ಲಿ ಎರಡನೆಯವನಾದ ಪೈಲಟ್‌ನನ್ನು ಬಿಟ್ಟು, ಎಲ್ಲರಿಗಿಂತ ಕಿರಿಯಳಾದ ಭೂವಿಜ್ಞಾನಿಯೇ ಮುಂದಿನ ನಾಯಕಿ ಎಂದು ಹೇಳುತ್ತಾನೆ. ಆ ಮಾತನ್ನು ಕೇಳಿಸಿಕೊಂಡವರು ಆ ಭೂವಿಜ್ಞಾನಿ ಮತ್ತು ತಂಡದ ವೈದ್ಯ, ಇಬ್ಬರೇ. ಈ ನೇಮಕ ಊರ್ಜಿತವೇ, ಉಳಿದವರು ಯಾರ ಮಾತು ಕೇಳಬೇಕು ಎಂಬುದು ನಿಮ್ಮ ಪ್ರಶ್ನೆ. ನೇಮಕ ಊರ್ಜಿತವಲ್ಲ, ನಾಯಕನ ಕಣ್ಣು ಮುಚ್ಚಿದ ಕ್ಷಣದಿಂದ ಪೈಲಟ್ಟೇ ನಾಯಕ ಎಂಬುದು ನನ್ನ ಉತ್ತರ. ಆದರೆ ಸತ್ತವನ ಮಾತನ್ನು ಕಸದ ಬುಟ್ಟಿಗೆ ಹಾಕಬೇಕೆಂದು ಇದರ ಅರ್ಥವಲ್ಲ, ಮತ್ತು ನಿಮ್ಮ ಕಥೆಯ ಜೀವ ಇರುವುದು ಈ ಎರಡರ ನಡುವಿನ ಸಂದಿಯಲ್ಲಿ.

ನಾನು ಕೋಲಾರದಲ್ಲಿ ಇಪ್ಪತ್ತಾರು ವರ್ಷಗಳಿಂದ ಸಿವಿಲ್ ವಕೀಲಿಕೆ ಮಾಡುತ್ತಿರುವವನು. ನನ್ನ ಕಚೇರಿಯ ಕಡತಗಳಲ್ಲಿ ಅರ್ಧಕ್ಕರ್ಧ ಸತ್ತವರ ಮಾತನ್ನು ಹಿಡಿದುಕೊಂಡು ಬದುಕಿರುವವರು ಹೂಡಿದ ದಾವೆಗಳೇ ಆಗಿರುವುದರಿಂದ, ರಾಕೆಟ್ಟಿನ ವಿಷಯ ಬಲ್ಲವರು ಉತ್ತರಿಸಬೇಕಾದ ಪ್ರಶ್ನೆಗೆ ಕೈಹಾಕುವ ಧೈರ್ಯ ಮಾಡಿದ್ದೇನೆ.

ಒಂದು ದಾವೆಯ ಸಂಗತಿ ಹೇಳುತ್ತೇನೆ. ಅದು ರಾಜಿಯಾಗಿ ಬಹಳ ವರ್ಷಗಳಾದವು, ಊರಿನ ಹೆಸರು ಬೇಡ. ಆಸ್ಪತ್ರೆಯಲ್ಲಿ ಕೊನೆಯ ದಿನಗಳನ್ನು ಎಣಿಸುತ್ತಿದ್ದ ತಂದೆ, ಕೊಳವೆಬಾವಿ ಇರುವ ಎರಡು ಎಕರೆ ಹಿಪ್ಪುನೇರಳೆ ತೋಟ ಕಿರಿಯ ಮಗನಿಗೆ ಎಂದು ಹೇಳಿದರೆಂಬುದು ಕಿರಿಯವನ ವಾದ. ಅದಕ್ಕೆ ಒಂದು ಕಾಗದವೂ ಇತ್ತು, ಕಾಗದದ ಮೇಲೆ ಹೆಬ್ಬೆಟ್ಟಿನ ಗುರುತೂ ಇತ್ತು. ನಾನು ಹಿರಿಯವನ ಪರ. ತಂದೆಗೆ ಆಗ ಚೆನ್ನಾಗಿ ಪ್ರಜ್ಞೆಯಿತ್ತೆಂದು ತೋರಿಸುವುದಕ್ಕೆ ಕಿರಿಯವನೇ ಅದೇ ದಿನದ ಒಂದು ಫೋಟೊ ಹಾಜರುಪಡಿಸಿದ್ದ. ಪಾಟೀಸವಾಲಿನಲ್ಲಿ ನಾನು, "ನಿಮ್ಮ ತಂದೆ ಯಾವ ಕೈ ಎತ್ತಿ ನಿಮ್ಮ ಕಡೆ ತೋರಿಸಿದರು?" ಎಂದು ಕೇಳಿದೆ. "ಬಲಗೈ" ಎಂದ. ಫೋಟೊದಲ್ಲಿ ಆ ಬಲಗೈಯನ್ನು ಡ್ರಿಪ್ಪಿಗಾಗಿ ಒಂದು ಮರದ ಪಟ್ಟಿಗೆ ಬಿಳಿ ಪ್ಲಾಸ್ಟರ್ ಸುತ್ತಿ ಕಟ್ಟಿದ್ದರು. ಬೆರಳ ತುದಿಗಳಷ್ಟೇ ಹೊರಗೆ ಕಾಣುತ್ತಿದ್ದವು. ದಾವೆ ಗೆದ್ದೆನೆಂದು ಆ ಸಂಜೆ ನಾನು ಮನೆಗೆ ಮೈಸೂರುಪಾಕು ಕೊಂಡೊಯ್ದದ್ದು ನೆನಪಿದೆ. ಮುಂದಿನ ವಾಯಿದೆಗೆ ನನ್ನ ಕಕ್ಷಿದಾರನೇ ಸಾಕ್ಷಿಕಟ್ಟೆ ಹತ್ತಿದ. ಎದುರು ವಕೀಲರು ಕೇಳಿದ್ದು ಒಂದೇ ಪ್ರಶ್ನೆ: ನಿಮ್ಮ ತಂದೆ ಹಾಗೆ ಹೇಳಲೇ ಇಲ್ಲವೇ? ಆತ ನನ್ನ ಮುಖ ನೋಡಲಿಲ್ಲ. "ಹೇಳಿದ್ದು ಹೌದು ಸ್ವಾಮಿ, ಬಾಗಿಲ ಹತ್ರ ನಿಂತು ನಾನೂ ಕೇಳಿಸ್ಕೊಂಡೆ. ಆದ್ರೆ ಅದು ನಮ್ ತಾತನ ಜಮೀನು, ಅಪ್ಪಂದಲ್ಲ" ಎಂದ.

ಪಿತ್ರಾರ್ಜಿತ ಆಸ್ತಿಯಲ್ಲಿ ಒಬ್ಬನು ತನ್ನ ಪಾಲಿನ ಮಟ್ಟಿಗೆ ಮಾತ್ರ ಉಯಿಲು ಬರೆಯಬಹುದೇ ಹೊರತು ಇಡೀ ಜಮೀನನ್ನು ಒಬ್ಬರಿಗೆ ಬರೆಯಲಾಗದು. ಹೇಳಿದ್ದು ನಿಜವೇ ಎಂಬುದು ಒಂದು ಪ್ರಶ್ನೆ, ಹೇಳುವ ಹಕ್ಕು ಇತ್ತೇ ಎಂಬುದು ಬೇರೆಯೇ ಪ್ರಶ್ನೆ. ಓದು ಬರಹ ಹೆಚ್ಚಿಲ್ಲದ ಆ ಮನುಷ್ಯ ಇದನ್ನು ನನಗಿಂತ ಸ್ಪಷ್ಟವಾಗಿ ಕಂಡಿದ್ದ. ನಿಮ್ಮ ಪ್ರಶ್ನೆಯಲ್ಲಿಯೂ ಇವೆರಡೂ ಕಲಸಿಕೊಂಡಿವೆ. ನಾಯಕತ್ವವೆಂಬುದು ಆ ನಾಯಕನ ಸ್ವಯಾರ್ಜಿತವಲ್ಲ. ಯಾನವನ್ನು ಕಳುಹಿಸಿದ ಸಂಸ್ಥೆ ಅದನ್ನು ಅವನ ಕೈಯಲ್ಲಿ ಇಟ್ಟಿತ್ತು, ಅವನ ನಂತರ ಯಾರ ಕೈಗೆ ಹೋಗಬೇಕೆಂಬುದನ್ನೂ ಅದೇ ಹೇಳಿರುತ್ತದೆ. ಅಮೆರಿಕದ ಬಾಹ್ಯಾಕಾಶ ಷಟಲ್‌ಗಾಗಿ ಮಾಡಿದ್ದ ನಿಯಮಾವಳಿಯ ಪ್ರಕಾರ ಕಮಾಂಡರ್‌ಗೆ ಕೈಲಾಗದಿದ್ದಾಗ ಅಧಿಕಾರ ಪೈಲಟ್‌ಗೆ ಹೋಗುತ್ತಿತ್ತು. ಇಬ್ಬರೂ ಇಲ್ಲವಾದರೆ ಯಾರ ನಂತರ ಯಾರು ಎಂಬ ಕ್ರಮವನ್ನು ಪ್ರತಿ ಹಾರಾಟಕ್ಕೆ ಮುಂಚೆಯೇ ಗೊತ್ತುಮಾಡಬೇಕಾಗಿತ್ತು. 2025ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದ ಆಕ್ಸಿಯಂ-4 ಯಾನದಲ್ಲಿ ಪೆಗಿ ವಿಟ್ಸನ್ ಕಮಾಂಡರ್, ನಮ್ಮ ಶುಭಾಂಶು ಶುಕ್ಲಾ ಪೈಲಟ್. ವಿಮಾನದ ಚಾಲಕ ಎಂಬ ಅರ್ಥದಲ್ಲಿ ಈ ಪದವನ್ನು ಓದುವ ನಮ್ಮ ಓದುಗರಿಗೆ, ಪೈಲಟ್ ಎಂದರೆ ಎರಡನೆಯ ಅಧಿಕಾರಿ ಎಂಬುದನ್ನು ನೀವು ಮೊದಲ ಅಧ್ಯಾಯದಲ್ಲಿಯೇ ತಿಳಿಸಿಬಿಡಬೇಕು. ಇಲ್ಲದಿದ್ದರೆ ಅವನಿಗೆ ಆದ ಅವಮಾನದ ತೂಕ ಅವರಿಗೆ ತಿಳಿಯುವುದಿಲ್ಲ.

ಸಾಯುವವನ ಬಾಯಿಮಾತಿಗೆ ಕಾನೂನಿನಲ್ಲಿ ಬೆಲೆಯೇ ಇಲ್ಲವೆಂದು ತಿಳಿಯಬೇಡಿ. 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದ 65 ಮತ್ತು 66ನೆಯ ಪ್ರಕರಣಗಳು, ಅಂದರೆ ಸೆಕ್ಷನ್‌ಗಳು, ನಿಮ್ಮ ಕಥೆಗೆಂದೇ ಬರೆದಂತಿವೆ. ದಂಡಯಾತ್ರೆಯಲ್ಲಿರುವ ಸೈನಿಕ, ವಾಯುಸೈನಿಕ ಅಥವಾ ಸಮುದ್ರದ ಮೇಲಿರುವ ನಾವಿಕ, ಒಟ್ಟಿಗೆ ಹಾಜರಿರುವ ಇಬ್ಬರು ಸಾಕ್ಷಿಗಳ ಎದುರು ಬಾಯಿಮಾತಿನಲ್ಲಿಯೇ ಉಯಿಲು ಮಾಡಬಹುದು ಎನ್ನುತ್ತವೆ ಅವು. 66ನೆಯ ಪ್ರಕರಣದಲ್ಲಿ ಇನ್ನೊಂದು ಮಾತೂ ಇದೆ: ಆತ ಬದುಕಿ, ಅಂಥ ಉಯಿಲು ಮಾಡುವ ಸ್ಥಿತಿಯಿಂದ ಹೊರಬಂದ ಮೇಲೆ ಒಂದು ತಿಂಗಳಿಗೆ ಆ ಬಾಯಿಮಾತಿನ ಉಯಿಲು ಬಿದ್ದುಹೋಗುತ್ತದೆ. ಆದರೆ ಇದೆಲ್ಲ ಆಸ್ತಿಯ ಮಾತು. ನಾವಿಕ ತನ್ನ ಪೆಟ್ಟಿಗೆಯನ್ನು ಯಾರಿಗೆ ಬೇಕಾದರೂ ಕೊಡಲಿ, ಹಡಗನ್ನು ಕೊಡುವಂತಿಲ್ಲ.

ಇನ್ನು ಸಾಕ್ಷಿಗಳ ವಿಚಾರ. ನಿಮ್ಮಲ್ಲಿ ಇಬ್ಬರು ಸಾಕ್ಷಿಗಳೇನೋ ಇದ್ದಾರೆ, ಆದರೆ ಅವರಲ್ಲಿ ಒಬ್ಬಳು ಆ ಮಾತಿನಿಂದ ಲಾಭ ಪಡೆಯುವವಳು. ಉಯಿಲಿನ ದಾವೆಗಳಲ್ಲಿ ಈಗಲೂ ಎಲ್ಲರೂ ಉದ್ಧರಿಸುವ 1959ರ ವೆಂಕಟಾಚಲ ಅಯ್ಯಂಗಾರ್ ವಿರುದ್ಧ ತಿಮ್ಮಾಜಮ್ಮ ತೀರ್ಪು ನಮ್ಮ ಮೈಸೂರು ಸೀಮೆಯಿಂದಲೇ ಸುಪ್ರೀಂ ಕೋರ್ಟಿಗೆ ಹೋದದ್ದು. ಉಯಿಲು ಮಾಡಿಸುವುದರಲ್ಲಿ ಮುಂದಾಗಿ ನಿಂತವನೇ ಅದರಿಂದ ದೊಡ್ಡ ಲಾಭ ಪಡೆಯುವವನಾದರೆ, ಅನುಮಾನವನ್ನು ನಿವಾರಿಸುವ ಹೊಣೆ ಅವನದೇ ಎಂದು ಅದು ಹೇಳುತ್ತದೆ. ಹಾಗಾಗಿ ನಿಮ್ಮ ವೈದ್ಯನ ಮೇಲೆ ಇಡೀ ಕಥೆಯ ಭಾರ ಬೀಳುತ್ತದೆ. ಅವನು ನಾಯಕನಿಗೆ ನೋವು ಶಮನದ ಔಷಧಿ ಕೊಟ್ಟದ್ದು ಎಷ್ಟು ಹೊತ್ತಿಗೆ, ಹೆಸರು ಹೇಳಿದ್ದು ಅದಕ್ಕೆ ಮೊದಲೋ ಆಮೇಲೋ ಎಂಬುದನ್ನು ಪೈಲಟ್ ಕೇಳಿಯೇ ಕೇಳುತ್ತಾನೆ. ನಾನಾಗಿದ್ದರೆ ಯಾವ ಕೈ ಎಂದೂ ಕೇಳುತ್ತಿದ್ದೆ.

ಸಾಯುವವನು ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ, ನಿಮ್ಮ ಭೂವಿಜ್ಞಾನಿಯೂ ಅದನ್ನೇ ಹಿಡಿದು ವಾದಿಸುತ್ತಾಳೆಂದು ಕಾಣುತ್ತದೆ. ಮರಣಕಾಲದ ಹೇಳಿಕೆಗೆ ನಮ್ಮ ಸಾಕ್ಷ್ಯ ಕಾನೂನು ಕೊಡುವ ವಿಶೇಷ ಮನ್ನಣೆ (2023ರ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 26ನೆಯ ಪ್ರಕರಣ) ಇರುವುದು ತನ್ನ ಸಾವು ಹೇಗೆ ಸಂಭವಿಸಿತೆಂದು ಆತ ಹೇಳಿದ ಮಾತಿಗೆ. ತನ್ನ ನಂತರ ಏನಾಗಬೇಕೆಂದು ಹೇಳಿದ ಮಾತಿಗೆ ಅಲ್ಲ. ಇಲ್ಲಿ ನಿಮಗೊಂದು ಸಲಹೆ ಇದೆ, ಬೇಕಾದರೆ ತೆಗೆದುಕೊಳ್ಳಿ. ನಾಯಕ ಬರಿಯ ಹೆಸರು ಹೇಳಿದನೇ, ಕಾರಣವನ್ನೂ ಹೇಳಿದನೇ? ಪೈಲಟ್ ಕವಾಟವನ್ನು ಸರಿಯಾಗಿ ಮುಚ್ಚಲಿಲ್ಲ, ಅದರಿಂದಲೇ ನನಗೆ ಹೀಗಾಯಿತು ಎಂದು ಅವನು ಹೇಳಿದ್ದರೆ, ಆಗ ಅದು ನೇಮಕವಾಗಿ ನಿಲ್ಲದಿದ್ದರೂ ಸಾಕ್ಷ್ಯವಾಗಿ ನಿಲ್ಲುತ್ತದೆ, ಮತ್ತು ಪೈಲಟ್ ಅಧಿಕಾರ ವಹಿಸಿಕೊಳ್ಳುವುದಕ್ಕೆ ಅರ್ಹನೇ ಎಂಬ ಪ್ರಶ್ನೆ ನ್ಯಾಯವಾಗಿಯೇ ಏಳುತ್ತದೆ. ಈಗಿರುವಂತೆ ನಿಮ್ಮ ನಾಯಕ ಕಾರಣ ಹೇಳದೆ ಸತ್ತಿದ್ದಾನೆ, ಹಾಗಾಗಿ ಓದುಗರಿಗೆ ಅದು ಪಕ್ಷಪಾತದಂತೆ ಕಾಣುತ್ತದೆ.

ಭೂಮಿಯನ್ನೇ ಕೇಳಬಹುದಲ್ಲ ಎಂದು ನಿಮ್ಮ ಮೊದಲ ಓದುಗರೇ ಕೇಳುತ್ತಾರೆ. ಮಂಗಳದಿಂದ ಸಂದೇಶ ಬರಲು ದೂರಕ್ಕೆ ತಕ್ಕಂತೆ ಸುಮಾರು 3ರಿಂದ 22 ನಿಮಿಷ ಹಿಡಿಯುತ್ತದೆ. ಹೋಗಿ ಬರುವುದು ಮುಕ್ಕಾಲು ಗಂಟೆಯೊಳಗೆ ಮುಗಿಯುವ ಕೆಲಸ. ಆದ್ದರಿಂದ ಜಗಳ ನಾಲ್ಕು ಅಧ್ಯಾಯ ನಡೆಯಬೇಕಾದರೆ, ಸೂರ್ಯ ಎರಡು ಗ್ರಹಗಳ ನಡುವೆ ಬರುವ ಹೊತ್ತಿಗೆ ಈ ಸಾವನ್ನು ಇಟ್ಟುಕೊಳ್ಳಿ. ಸುಮಾರು 26 ತಿಂಗಳಿಗೊಮ್ಮೆ ಹಾಗಾಗುತ್ತದೆ, ಮತ್ತು ಆಗ ಸಂದೇಶಗಳು ಕೆಡುವ ಅಪಾಯವಿರುವುದರಿಂದ ನಾಸಾ ತನ್ನ ಮಂಗಳದ ನೌಕೆಗಳಿಗೆ ಆದೇಶ ಕಳುಹಿಸುವುದನ್ನು ಸುಮಾರು ಎರಡು ವಾರ ನಿಲ್ಲಿಸುತ್ತದೆ.

ಈ ನಡುಗಾಲದ ಮಾತು ಬಂದಾಗ ನಮ್ಮ ಊರಿನ ಹಳೆಯ ಗೋರಿಗಳಿರುವ ಮಖ್‌ಬರಾ ನೆನಪಾಗದೆ ಇರುವುದಿಲ್ಲ. ನಮ್ಮ ಜಿಲ್ಲೆಯ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿ 1782ರ ಡಿಸೆಂಬರ್‌ನಲ್ಲಿ, ಇಂಗ್ಲಿಷರೊಡನೆ ಯುದ್ಧ ನಡೆಯುತ್ತಿರುವಾಗಲೇ, ಚಿತ್ತೂರಿನ ಬಳಿಯ ಪಾಳೆಯದಲ್ಲಿ ಬೆನ್ನುಫಣಿಯಿಂದ, ಅಂದರೆ ಬೆನ್ನಿನ ಮೇಲೆದ್ದ ದೊಡ್ಡ ಹುಣ್ಣಿನಿಂದ, ಸತ್ತ. ಮಗ ಟಿಪ್ಪು ದೂರದ ಮಲಬಾರಿನಲ್ಲಿದ್ದ. ಉತ್ತರಾಧಿಕಾರಿ ಯಾರೆಂಬುದರಲ್ಲಿ ಸಂಶಯವೇನೂ ಇರಲಿಲ್ಲ. ಆದರೂ ಪೂರ್ಣಯ್ಯ, ಕೃಷ್ಣರಾವ್ ಮೊದಲಾದ ಅಧಿಕಾರಿಗಳು ಸಾವಿನ ಸುದ್ದಿಯನ್ನು ಮುಚ್ಚಿಟ್ಟು, ಶವವನ್ನು ಖಜಾನೆಯ ಪೆಟ್ಟಿಗೆಯೆಂಬಂತೆ ಕೋಲಾರಕ್ಕೆ ಸಾಗಿಸಿ, ಅವನ ತಂದೆಯ ಗೋರಿಯ ಬಳಿ ತಾತ್ಕಾಲಿಕವಾಗಿ ಇರಿಸಿದರು. ಶ್ರೀರಂಗಪಟ್ಟಣದ ಗುಂಬಜಿಗೆ ಅದು ಹೋದದ್ದು ಆಮೇಲೆ. ಟಿಪ್ಪು ಬಂದು ಸೇರುವವರೆಗೆ ಅಷ್ಟು ದೊಡ್ಡ ಸೈನ್ಯವನ್ನು ಸತ್ತವನ ಹೆಸರೇ ನಡೆಸಿತು. ಇಷ್ಟು ಮಾಡಿದರೂ, ಕಿರಿಯ ಮಗ ಅಬ್ದುಲ್ ಕರೀಮನನ್ನು ಪಟ್ಟಕ್ಕೆ ತರಬೇಕೆಂದು ಪಾಳೆಯದೊಳಗೇ ಒಂದು ಸಂಚು ನಡೆದು, ಸಕಾಲಕ್ಕೆ ಬಯಲಾಯಿತು. ಎಲ್ಲರೂ ಒಪ್ಪಿದ ವಾರಸುದಾರನಿದ್ದಾಗಲೇ ಸ್ಥಿತಿ ಹೀಗಾದರೆ, ನಿಮ್ಮ ಆರು ಜನ ಒಂದು ಡಬ್ಬಿಯೊಳಗೆ ಏನು ಮಾಡಿಯಾರೆಂದು ಊಹಿಸಿಕೊಳ್ಳಿ. ನಾಯಕ ಸತ್ತನೆಂಬುದನ್ನೇ ವೈದ್ಯ ಒಂದು ರಾತ್ರಿ ಹೇಳದೆ ಇರುವುದು ನನಗೆ ಸಂಪೂರ್ಣವಾಗಿ ನಂಬಬಹುದಾದ ಸಂಗತಿ.

ಸತ್ತ ನಾಯಕನ ಇಚ್ಛೆಯನ್ನು ತುಳಿದರೆ ಆಗುವುದೇನು ಎಂಬುದಕ್ಕೆ, ಸ್ಪೇನಿನಿಂದ ಹಡಗುಗಳೊಡನೆ ಹೊರಟ ನಾವಿಕ ಮೆಗಲನ್‌ನ ಯಾನಕ್ಕಿಂತ ಉತ್ತಮ ಉದಾಹರಣೆ ನನಗೆ ತಿಳಿದಿಲ್ಲ. 1521ರ ಏಪ್ರಿಲ್ 27ರಂದು ಫಿಲಿಪ್ಪೀನ್ಸಿನ ಮಕ್ತಾನ್‌ನಲ್ಲಿ ಅವನು ಹೋರಾಟದಲ್ಲಿ ಸತ್ತಾಗ, ಹಡಗಿನವರು ದುವಾರ್ತೆ ಬಾರ್ಬೋಸಾ ಮತ್ತು ಸೆರಾನೊ ಎಂಬಿಬ್ಬರನ್ನು ನಾಯಕರನ್ನಾಗಿ ಆರಿಸಿಕೊಂಡರು. ತಾನು ಸತ್ತ ಮೇಲೆ ತನ್ನ ಗುಲಾಮ ಎನ್ರಿಕೆಗೆ ಬಿಡುಗಡೆ ಎಂದು ಮೆಗಲನ್ ಉಯಿಲಿನಲ್ಲಿ ಬರೆದಿದ್ದ, ಅದು ಅವನ ಸ್ವಂತ ಹಕ್ಕಿನ ಮಾತು. ಬಾರ್ಬೋಸಾ ಅದನ್ನು ಒಪ್ಪದೆ, ದುಭಾಷಿಯೂ ಆಗಿದ್ದ ಎನ್ರಿಕೆಯನ್ನು ಗದರಿಸಿ ಕೆಲಸಕ್ಕೆ ಅಟ್ಟಿದನೆಂದು ಯಾನದಲ್ಲಿದ್ದ ಪಿಗಫೆಟ್ಟಾ ಬರೆದಿದ್ದಾನೆ. ಮೇ 1ರಂದು ಸೆಬುವಿನ ರಾಜ ಕರೆದ ಔತಣದಲ್ಲಿ ಬಾರ್ಬೋಸಾ ಸೇರಿದಂತೆ ಹಲವರು ಹತರಾದರು. ಅದರ ಹಿಂದೆ ಎನ್ರಿಕೆಯ ಕೈ ಇತ್ತೆಂಬುದು ಪಿಗಫೆಟ್ಟಾನ ಆರೋಪ. ಕೊನೆಗೆ 1522ರ ಸೆಪ್ಟೆಂಬರ್‌ನಲ್ಲಿ ಉಳಿದೊಂದು ಹಡಗನ್ನು ಸ್ಪೇನಿಗೆ ಮುಟ್ಟಿಸಿದವನು ಎಲ್ಕಾನೊ, ಎರಡು ವರ್ಷ ಹಿಂದೆ ಮೆಗಲನ್‌ನ ವಿರುದ್ಧವೇ ನಡೆದ ದಂಗೆಯಲ್ಲಿ ಸೇರಿದ್ದವನು. ಸಾಯುವಾಗ ಮೆಗಲನ್‌ಗೆ ಹೆಸರು ಹೇಳಲು ಬಿಡುವು ಸಿಕ್ಕಿದ್ದರೆ, ಎಲ್ಕಾನೊನ ಹೆಸರನ್ನಂತೂ ಹೇಳುತ್ತಿರಲಿಲ್ಲ.

ಆದ್ದರಿಂದ ನಿಮ್ಮ ಕಥೆಯಲ್ಲಿ ತೀರ್ಮಾನ ಮಾಡಬೇಕಾದವನು ಪೈಲಟ್. ನೀವು ಅವನನ್ನು ಮತ್ಸರದಿಂದ ಕುದಿಯುವ ಖಳನನ್ನಾಗಿ ಮಾಡಲು ಹೊರಟಿರುವಂತೆ ಕಾಣುತ್ತದೆ, ಅದು ಸುಲಭದ ದಾರಿ. ನಮ್ಮ ಹಿಪ್ಪುನೇರಳೆ ತೋಟದ ದಾವೆಯಲ್ಲಿ, ಅಪ್ಪ ಹೇಳಿದ್ದು ಹೌದು ಎಂದು ಹಿರಿಯವನು ಒಪ್ಪಿದ ಮೇಲೆ ಕಿರಿಯವನ ಹಟವೂ ಸಡಿಲಿ, ಜಮೀನು ಸಮಪಾಲಾಗಿ, ಕೊಳವೆಬಾವಿಯ ನೀರು ಇಬ್ಬರಿಗೂ ಎರಡೆರಡು ದಿನದ ಸರದಿಯಾಯಿತು. ನಿಮ್ಮ ಪೈಲಟ್ಟೂ ಭೂವಿಜ್ಞಾನಿಯನ್ನು ಸುಳ್ಳುಗಾತಿ ಎನ್ನದೆ, ನಾಯಕ ಹಾಗೆ ಹೇಳಿರಬಹುದು, ಆದರೆ ಅದು ಅವರು ಹೇಳಬಹುದಾದ ಮಾತಲ್ಲ ಎಂದು ಎಲ್ಲರೆದುರು ಹೇಳಲಿ. ಹೇಳಿ, ದಿನಚರಿ ಪುಸ್ತಕದಲ್ಲಿ ಎಷ್ಟು ಗಂಟೆಗೆ ಯಾವ ನಿಯಮದ ಪ್ರಕಾರ ತಾನು ಅಧಿಕಾರ ವಹಿಸಿಕೊಂಡೆನೆಂದು ಬರೆದು, ಅದರ ಕೆಳಗೆ ಸತ್ತವನ ಮಾತನ್ನು ವೈದ್ಯನ ಕೈಯಲ್ಲೇ ಬರೆಸಿ, ನೆಲದ ಮೇಲಿನ ಕೆಲಸದ ಉಸ್ತುವಾರಿಯನ್ನು ತನ್ನ ಸ್ವಂತ ಆದೇಶದಿಂದ ಆಕೆಗೆ ವಹಿಸಲಿ. ಆಕೆ ಒಪ್ಪುತ್ತಾಳೋ ಇಲ್ಲವೋ ನೀವು ನೋಡಿಕೊಳ್ಳಿ. ಆ ಮಾತನ್ನು ಕೇಳಿಸಿಕೊಳ್ಳದೇ ಇದ್ದ ಉಳಿದ ಮೂವರಲ್ಲಿ ಒಬ್ಬರಾದರೂ ಆ ಪುಟಕ್ಕೆ ಸಹಿ ಹಾಕಲು ಒಲ್ಲೆ ಎನ್ನಲಿ. ಇಷ್ಟು ವರ್ಷಗಳಲ್ಲಿ ಎಲ್ಲರ ಸಹಿಯೂ ಒಂದೇ ದಿನಕ್ಕೆ ಬಿದ್ದ ರಾಜಿಪತ್ರವನ್ನು ನಾನಂತೂ ಕಂಡಿಲ್ಲ.