ಶಾಲೆಯಲ್ಲಿ ಓಟಗಾರರಾಗಿದ್ದ ಅಪ್ಪನ ನೆನಪಿಗೆ ಏನು ಬರೆಸಲಿ? ದಾಖಲೆಗಳೇ ಸಿಗುತ್ತಿಲ್ಲ

ದಾಖಲೆ ಸಿಗದಿರುವುದು ನಿಮ್ಮ ಪುಣ್ಯ. ನನಗೆ ಸಿಕ್ಕಿತ್ತು, ಎಡವಟ್ಟಾಗಿದ್ದೇ ಅದರಿಂದ.

ವರ್ಷದ ಕಾರ್ಯಕ್ಕೆ ಸ್ಮರಣ ಸಂಚಿಕೆ ತರಬೇಕಾ, ಶಾಲೆಗೆ ಶೀಲ್ಡ್ ಕೊಡಬೇಕಾ, ಯಾವ ಸಾಧನೆ ಹಾಕಿಸಬೇಕು ಅಂತ ಕೇಳಿದ್ದೀರಿ. ಅದಕ್ಕೆ ಆಮೇಲೆ ಬರ್ತೀನಿ, ಮೊದಲು ನಮ್ಮಪ್ಪಾಜಿ ಕತೆ ಕೇಳಿ.

ನಮ್ಮದು ಅರಸೀಕೆರೆ. ಅಪ್ಪಾಜಿ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರು. ನಮ್ಮ ಕಡೆ ಕಾಯಿ ಕೆಡವಿ ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೊಂದು ತಿಂಗಳು ಮುಟ್ಟಲ್ಲ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟುಕೊಂಡು ಲೊಟಲೊಟ ಅನ್ನಬೇಕು. ಮಾದರಿಗೆ ಅಂತ ರೈತರು ತಂದ ಕಾಯಿಯನ್ನು ಅಪ್ಪಾಜಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, "ಇನ್ನೊಂದು ತಿಂಗಳು ಬಿಡಿ ಗೌಡ್ರೆ, ಈಗ ಸುಲಿಸಿದ್ರೆ ನಿಮಗೇ ಲುಕ್ಸಾನು" ಅನ್ನೋರು. ಮಂಡಿ ಸಾಹುಕಾರರಿಗೆ ಇಷ್ಟವಾಗೋ ಮಾತಲ್ಲ. ಆದರೂ ಅವರನ್ನು ಬಿಡಿಸಲಿಲ್ಲ, ಯಾಕೆಂದರೆ ರೈತರು ಬರ್ತಿದ್ದದ್ದೇ ಅವರ ಮುಖ ನೋಡಿ.

ವರ್ಷಕ್ಕೊಂದು ದಿನ, ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ, ತಪ್ಪದೆ ರಜೆ ಹಾಕೋರು. ಕೈಚೀಲದಲ್ಲಿ ಕೊಬ್ಬರಿ ಚೂರು, ಅಚ್ಚು ಬೆಲ್ಲ. ಓಡಿ ಮುಗಿಸಿ ಮೊಣಕಾಲ ಮೇಲೆ ಕೈಯಿಟ್ಟು ಏದುಸಿರು ಬಿಡ್ತಿರೋ ಮಕ್ಕಳ ಹತ್ತಿರ ಹೋಗಿ ಒಂದೊಂದು ತುಂಡು ಕೊಡೋರು. ಮೊದಲು ಕೊನೆಯಲ್ಲಿ ಬಂದವನಿಗೆ.

ಇನ್ನೊಂದು ಅಭ್ಯಾಸ ಇತ್ತು. ಏನೇ ಕೈಗೆ ಕೊಡಲಿ, "ಹಿಡಿದ್ಯಾ?" ಅಂತ ಕೇಳೋರು. ನಾವು "ಹೂಂ" ಅಂದಮೇಲೇ ಅವರು ಬೆರಳು ಸಡಿಲಿಸೋದು. ಹಾಲಿನ ಲೋಟ, ಛತ್ರಿ, ಟಿಫಿನ್ ಕ್ಯಾರಿಯರ್, ಕೊನೆಗೆ ಹದಿನೈದು ದಿನದ ನನ್ನ ಮಗಳನ್ನೂ ಹಾಗೇ ಕೊಟ್ಟಿದ್ದು. ಅಮ್ಮ ರೇಗೋಳು, "ಅವನೇನು ಕುರುಡನಾ?" ಅಂತ. ನಾನೂ ನನ್ನ ತಂಗಿಯೂ ಅದನ್ನ ನಕಲು ಮಾಡಿ ನಗ್ತಿದ್ವಿ.

2019ರಲ್ಲಿ ಹೋಗಿಬಿಟ್ಟರು. ಎದೆನೋವು ಅಂದರು, ಹಾಸನದ ಅರ್ಧ ದಾರಿಯಲ್ಲೇ ಮುಗಿಯಿತು.

ಈಗ ನನ್ನ ತಪ್ಪಿಗೆ ಬರ್ತೀನಿ. ಇದನ್ನ ಸ್ವಲ್ಪ ಬಿಡಿಸಿ ಹೇಳಬೇಕು. ಶಿವಗಣಾರಾಧನೆಗೆ ಎರಡು ದಿನ ಇದ್ದಾಗ ಟ್ರಂಕಿನಲ್ಲಿ ಅವರ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಜೊತೆ ನಾಲ್ಕು ಮಡಿಕೆಯ ಒಂದು ಸರ್ಟಿಫಿಕೇಟ್ ಸಿಕ್ಕಿತು. 1972ರದ್ದು. ಮಡಿಕೆ ಇದ್ದಲ್ಲೆಲ್ಲ ಹುಳ ತಿಂದಿತ್ತು. ಮೇಲೆ ದಪ್ಪಕ್ಷರದಲ್ಲಿ "ಮೈಸೂರು ರಾಜ್ಯ". ಅದರ ಕೆಳಗಿನ ಸಾಲು ಪೂರ್ತಿ ತೂತು. ನಡುವೆ ಶಾಯಿಯಲ್ಲಿ "100 ಮೀ.", ಆಮೇಲೆ ಮತ್ತೊಂದು ತೂತು, ಆಮೇಲೆ "ಪ್ರಥಮ". ನನ್ನ ಕಣ್ಣಲ್ಲಿ ನೀರು ಬಂತು. ನಮ್ಮಪ್ಪ ರಾಜ್ಯ ಚಾಂಪಿಯನ್, ಒಂದು ದಿನ ಹೇಳಿಕೊಳ್ಳಲಿಲ್ಲವಲ್ಲ! ಅಮ್ಮನ್ನ ಕೇಳಿದರೆ "ಏನೋ ಓಡ್ತಿದ್ರಂತಪ್ಪ" ಅಂದಳು. ಸೀದಾ ಫ್ಲೆಕ್ಸ್ ಅಂಗಡಿಗೆ ಹೋಗಿ ಫೋಟೋದ ಕೆಳಗೆ "ರಾಜ್ಯ ಮಟ್ಟದ 100 ಮೀಟರ್ ಓಟದ ಚಾಂಪಿಯನ್" ಅಂತ ಹಾಕಿಸಿದೆ.

ನನಗೆ ಹೊಳೆಯದೇ ಹೋದದ್ದು ಇಷ್ಟು. 1973ರ ನವೆಂಬರ್ 1ರವರೆಗೆ ನಮ್ಮ ರಾಜ್ಯದ ಹೆಸರೇ ಮೈಸೂರು ರಾಜ್ಯ. ಅದು ಕೂಟದ ಮಟ್ಟ ಅಲ್ಲ, ಸರ್ಕಾರದ ಹೆಸರು. ಈಗ "ಕರ್ನಾಟಕ ಸರ್ಕಾರ" ಅಂತ ಅಚ್ಚಾಗಲ್ವಾ, ಹಾಗೆ. ಹುಳ ತಿಂದ ಸಾಲಿನಲ್ಲಿ ಇದ್ದದ್ದು "ಜಿಲ್ಲಾ ಮಟ್ಟ". 100ರ ಹಿಂದೆ "4 ×" ಇತ್ತು, ಮುಂದೆ "ರಿಲೇ" ಇತ್ತು, ಅಂದರೆ ನಾಲ್ವರು ತಲಾ ನೂರು ಮೀಟರ್ ಓಡಿ ಕೈಯಿಂದ ಕೈಗೆ ಬ್ಯಾಟನ್ ಅನ್ನೋ ಕೋಲು ದಾಟಿಸೋ ಓಟ. ನನಗೆ ಬೇಕಾದ್ದನ್ನ ಉಳಿಸಿ ಬೇಡದ್ದನ್ನೇ ಹುಳ ತಿಂದಿತ್ತು ನೋಡಿ.

ಇದನ್ನ ಹೇಳಬಲ್ಲವರು ಒಬ್ಬರೇ, ಅವರು ಅವತ್ತು ಪಂಕ್ತಿಯಲ್ಲೇ ಕೂತಿದ್ದರು. ನಾವು ರೈಲ್ವೆ ಮಾವ ಅಂತಿದ್ವಿ. ಅಪ್ಪಾಜಿ ಕ್ಲಾಸ್‌ಮೇಟು, ಆಟದ ಕೋಟಾದಲ್ಲಿ ರೈಲ್ವೆ ಸೇರಿ ಊರೂರು ಸುತ್ತಿ ನಿವೃತ್ತರಾಗಿ ಕಡೂರಿನಲ್ಲಿ ಮನೆ ಮಾಡಿದ್ದರು. ಫ್ಲೆಕ್ಸ್ ಮುಂದೆ ತುಂಬ ಹೊತ್ತು ನಿಂತಿದ್ದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಪಕ್ಕದಲ್ಲಿ ಯಾರೋ "ಸ್ಟೇಟ್ ಚಾಂಪಿಯನ್ನಂತೆ ಸಾರ್, ಒಂದಿನ ಜಂಬ ಪಡಲಿಲ್ಲ" ಅಂದಾಗ "ಹೌದು, ಒಳ್ಳೆ ಮನುಷ್ಯ" ಅಂದರು. ಅವತ್ತು ನಾನು ನಾಲ್ಕು ಮಾತಾಡಿ ಅಂತ ಮೈಕ್ ಕೊಡೋಕೆ ಹೋದೆ. ಕೈಯಾಡಿಸಿ ಬೇಡ ಅಂದು, "ಬರ್ತೀನಪ್ಪ" ಅಂತ ಹೊರಟುಬಿಟ್ಟರು. ದುಃಖ ಇರಬೇಕು ಅಂದುಕೊಂಡೆ.

ಮಾರನೇ ವರ್ಷ ಅವರಿಗೆ ಲಕ್ವ ಹೊಡೆದಿದೆ ಅಂತ ಗೊತ್ತಾಗಿ ನೋಡೋಕೆ ಹೋದೆ. ಬಲಗೈ ಬಿದ್ದುಹೋಗಿತ್ತು, ಮಾತು ನಿಂತಿತ್ತು. ಗೋಡೆ ಮೇಲೆ ಎರಡು ಸರ್ಟಿಫಿಕೇಟ್, ಒಳ್ಳೆ ಗಾಜು ಹಾಕಿಸಿ ತೂಗುಹಾಕಿದ್ದು. ಒಂದು ನಮ್ಮ ಟ್ರಂಕಿನದ್ದೇ, ಹೆಸರು ಮಾತ್ರ ಬೇರೆ. ಅದರಲ್ಲಿ ತೂತಿಲ್ಲ. ಇನ್ನೊಂದರಲ್ಲಿ, ಅದೇ ಜಿಲ್ಲಾ ಕೂಟ, 100 ಮೀ. ಓಟ, ಪ್ರಥಮ. ನಾನು ಅಪ್ಪಾಜಿಗೆ ಕೊಟ್ಟುಬಿಟ್ಟಿದ್ದು ಇವರ ಗೆಲುವು.

ಅತ್ತೆ ಕಾಫಿ ತಂದವರು ನಾನು ಓದ್ತಿರೋದು ನೋಡಿ ನಿಧಾನಕ್ಕೆ ಹೇಳಿದರು. ಅವತ್ತು ಮನೆಗೆ ಬಂದು ಮಾವ, "ಅವನೇ ಗೆದ್ದ ಅಂತ ಇರಲಿ ಬಿಡು, ಮಕ್ಕಳ ಎದುರಿಗೆ ಹೇಗೆ ಹೇಳೋದು" ಅಂದಿದ್ದರಂತೆ. ರಿಲೇಯಲ್ಲಿ ಅಪ್ಪಾಜಿ ಮೂರನೆಯವರು, ಕೊನೆಯವರು ಮಾವ. ಆಗ ಬ್ಯಾಟನ್ ಬದಲಾಯಿಸೋಕೆ ಇದ್ದದ್ದು 20 ಮೀಟರ್ ಜಾಗ (2017ರಿಂದ 30 ಮಾಡಿದ್ದಾರೆ), ಅದು ದಾಟಿದರೆ ತಂಡವೇ ಔಟು. ಹಿಂದಿನ ವರ್ಷ ಅಪ್ಪಾಜಿ ಕೊಟ್ಟ ಬ್ಯಾಟನ್ ಮಾವನ ಕೈ ಸೇರದೆ ಸುಣ್ಣದ ಗೆರೆ ಮೇಲೆ ಬಿದ್ದಿತ್ತಂತೆ. ಮುಂದಿನ ವರ್ಷ ಅಪ್ಪಾಜಿ ಓಡ್ತಾ ಓಡ್ತಾನೇ "ಹಿಡಿದ್ಯಾ?" ಅಂತ ಕೂಗಿದ್ದರಂತೆ, ಮೈದಾನಕ್ಕೆಲ್ಲ ಕೇಳೋ ಹಾಗೆ. ಆಮೇಲೆ ಜೀವಮಾನವಿಡೀ ಊರಲ್ಲಿ ಮಾವನ್ನ ಕಂಡಾಗೆಲ್ಲ ಕೈ ಕುಲುಕೋ ಬದಲು ಅದನ್ನೇ ಕೇಳೋರಂತೆ.

ನಲವತ್ತು ವರ್ಷ ನಮ್ಮ ಮನೆಯಲ್ಲಿ ನಗೆಪಾಟಲಾಗಿದ್ದ ಮಾತು. ಉಳಿದದ್ದು ಅತ್ತೆಗೂ ಗೊತ್ತಿಲ್ಲ. ನಾಲ್ವರಲ್ಲಿ ಮೊದಲಿಬ್ಬರು ಯಾರು, ಕೂಟಕ್ಕೆ ಹೇಗೆ ಹೋದರು, ಬ್ಯಾಟನ್ ಬಿದ್ದ ದಿನ ಅಪ್ಪಾಜಿ ಅತ್ತರಾ. ಮಾವನಿಗೆ ಎಲ್ಲ ಗೊತ್ತಿತ್ತು. ನಾನು ಕೇಳ್ತಾ ಹೋದರೆ ಅವರು ಎಡಗೈಯನ್ನ ಹಾಸಿಗೆ ಮೇಲೆ ಅಂಗೈ ಮೇಲಾಗಿ ಬಿಚ್ಚಿಟ್ಟು ನನ್ನನ್ನೇ ನೋಡ್ತಿದ್ದರು. ಆ ಫ್ಲೆಕ್ಸ್ ಹಾಕಿಸದೇ ಇದ್ದಿದ್ದರೆ ಅವರು ಅವತ್ತೇ ಮೈಕ್ ಹಿಡಿದು ಇದನ್ನೆಲ್ಲ ಹೇಳೋರು. ಅಷ್ಟು ದೊಡ್ಡ ಸುಳ್ಳನ್ನ ಅಷ್ಟು ದೊಡ್ಡ ಅಕ್ಷರದಲ್ಲಿ ಬರೆಸಿ, ನಿಜ ಗೊತ್ತಿದ್ದ ಒಬ್ಬರ ಬಾಯಿ ನಾನೇ ಕಟ್ಟಿದ್ದೆ.

ಈಗ ನಿಮ್ಮ ಪ್ರಶ್ನೆ. ಶೀಲ್ಡ್ ಬೇಡ. ಹೆಡ್‌ಮಾಸ್ಟರ ಬೀರು ಸೇರುತ್ತೆ, ಬೀಗದ ಕೈ ಕಳೆದಿರುತ್ತೆ. ನಾವು ಹೋಬಳಿ ಕೂಟಕ್ಕೆ ಕೊಬ್ಬರಿ ಬೆಲ್ಲ ಕಳಿಸ್ತೀವಿ, ತಂಗಿ ಹೋಗಿ ಹಂಚ್ತಾಳೆ, ಅಷ್ಟೇ. ಸಂಚಿಕೆ ಮಾಡಿಸೋದಾದರೆ "ಸಾಧನೆ" ಅನ್ನೋ ಪುಟವೇ ಇಡಬೇಡಿ. ನಿಮ್ಮ ತಂದೆ ಪಕ್ಕದ ಮನೆ ಹುಡುಗನ ಫೀಸು ಕಟ್ಟಿದ್ದು, ಮೆಟ್ಟಿಲು ಹತ್ತೋವಾಗ ಎರಡೆರಡು ಹಾರ್ತಿದ್ದದ್ದು ನೀವೇ ಬರೆದಿದ್ದೀರಲ್ಲ, ಅದನ್ನ ಹಾಕಿ.

ನಿಮ್ಮ ಪ್ರಶ್ನೆಯ ಕೊನೆಯಲ್ಲಿ, "ಅವರ ಜೊತೆ ಓಡ್ತಿದ್ದ ಒಬ್ಬರು ಬೀರೂರಿನಲ್ಲಿದ್ದಾರಂತೆ, ಕಾರ್ಯಕ್ಕೆ ಕರೀಬೇಕು" ಅಂತ ಒಂದು ಸಾಲಿದೆ. ನೀವು ತರೀಕೆರೆಯವರು, ಬಸ್ಸೂ ಇದೆ ರೈಲೂ ಇದೆ. ಕಾರ್ಯದವರೆಗೆ ಕಾಯಬೇಡಿ, ಈ ಭಾನುವಾರವೇ ಹೋಗಿ. ಫೋನಿನಲ್ಲಿ ರೆಕಾರ್ಡಿಂಗ್ ಆನ್ ಮಾಡಿಟ್ಟು ಸುಮ್ಮನೆ ಕೂತ್ಕೊಳ್ಳಿ. ಏನು ಬರೆಸೋದು ಅಂತ ಪ್ರೆಸ್ಸಿನವರಿಗೆ ಸೋಮವಾರ ಹೇಳಿದರಾಯಿತು.